ರಸ್ತೆ ಅಗಲವಾಯಿತು, ಗುಡ್ಡ ನೆಟ್ಟಗಾಯಿತು: ಕರಾವಳಿ ಹೆದ್ದಾರಿಯ ಸುಸ್ಥಿರತೆಯ ಲೆಕ್ಕ

ಹೆದ್ದಾರಿ ಎಷ್ಟು ಹಸಿರಾಗಿದೆ ಎಂದು ಅಳೆಯಲು ನಮ್ಮಲ್ಲಿ ಲೆಕ್ಕಗಳಿಗೇನೂ ಬರವಿಲ್ಲ. ಕೇಂದ್ರ ಸರ್ಕಾರದ 2015ರ ಹಸಿರು ಹೆದ್ದಾರಿ ನೀತಿಯ ಪ್ರಕಾರ ಯೋಜನಾ ವೆಚ್ಚದ ಶೇ 1ರಷ್ಟನ್ನು ಗಿಡ ನೆಡುವುದಕ್ಕೆ, ನೆಟ್ಟದ್ದನ್ನು ಸಾಕುವುದಕ್ಕೆ ತೆಗೆದಿಡಬೇಕು. ಉಷ್ಣ ವಿದ್ಯುತ್ ಸ್ಥಾವರದಿಂದ 300 ಕಿ.ಮೀ. ಒಳಗೆ ರಸ್ತೆ ಮಾಡುವವರು ಹಾರುಬೂದಿ ಬಳಸಬೇಕು. ಡಾಂಬರಿಗೆ ಪ್ಲಾಸ್ಟಿಕ್ ಕಸ ಬೆರೆಸಿದರೆ ಪತ್ರಿಕಾ ಪ್ರಕಟಣೆ ಗ್ಯಾರಂಟಿ. ರಸ್ತೆ ವಿಭಜಕದ ಕಣಗಿಲೆ ಗಿಡಗಳನ್ನು ಎಣಿಸಿ ವರದಿಗೆ ಸೇರಿಸುವುದೂ ಸುಲಭ. ಇವೆಲ್ಲ ಬೇಡವೆಂದಲ್ಲ. ಆದರೆ ಕಣಗಿಲೆ ಸಾಲಿನಿಂದ ಕೂಗಳತೆಯಲ್ಲಿ ಮೂರು ಅಂತಸ್ತಿನ ಎತ್ತರಕ್ಕೆ ಗೋಡೆಯಂತೆ ನಿಂತಿರುವ ಧರೆ, ಅಂದರೆ ರಸ್ತೆಗಾಗಿ ಕಡಿದ ಗುಡ್ಡದ ಮುಖ, ಈ ಯಾವ ಲೆಕ್ಕದಲ್ಲೂ ಇಲ್ಲ. ಅದನ್ನು ಎಷ್ಟು ಡಿಗ್ರಿಗೆ ಕಡಿದರು, ಮೇಲಿಂದ ಬರುವ ನೀರನ್ನು ಎತ್ತ ತಿರುಗಿಸಿದರು ಎಂಬ ಎರಡು ಸಂಗತಿಗಳ ಮೇಲೆ ಆ ರಸ್ತೆಯ ಆಯುಷ್ಯ ನಿಂತಿದೆ. ಕೆಳಗೆ ಓಡಾಡುವವರ ಆಯುಷ್ಯವೂ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದದ್ದು ಇದೇ. ರಾಷ್ಟ್ರೀಯ ಹೆದ್ದಾರಿ 66 ಅಲ್ಲಿ ಇಕ್ಕಟ್ಟಿನಲ್ಲಿ ಸಾಗುತ್ತದೆ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಗಂಗಾವಳಿ ನದಿ. ಚತುಷ್ಪಥ ಮಾಡುವಾಗ ಬೇಕಾದ ಅಗಲವನ್ನು ಗುಡ್ಡದಿಂದಲೇ ಪಡೆಯಬೇಕಾಯಿತು. ಆ ವಾರ ಕರಾವಳಿಯಲ್ಲಿ ಮಳೆ ಬಿಟ್ಟೂ ಬಿಡದೆ ಸುರಿದಿತ್ತು. ಗುಡ್ಡ ಜಾರಿ ಬಂದಾಗ ರಸ್ತೆಯಂಚಿನ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಚಹಾಕ್ಕೆಂದು ನಿಂತಿದ್ದವರು ಎಲ್ಲರೂ ಮಣ್ಣಿನಡಿ ಸೇರಿದರು. ಗ್ಯಾಸ್ ಟ್ಯಾಂಕರ್ ನದಿಗೆ ಬಿತ್ತು. ಮಣ್ಣು ನದಿಗೆ ನುಗ್ಗಿದ ರಭಸಕ್ಕೆ ಎದ್ದ ನೀರಿನ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಹೆದ್ದಾರಿಯ ಒಂದು ಇಂಚು ಜಾಗವನ್ನೂ ಬಳಸದೆ ನದಿಯ ಆಚೆ ತಮ್ಮ ಪಾಡಿಗೆ ಇದ್ದವರಿಗೂ ಈ ಕಡಿತದ ಬಿಲ್ಲು ಹೋಯಿತು. ಒಟ್ಟು 11 ಜನ ಸತ್ತರು. ನದಿಯ ತಳದಲ್ಲಿ ಹೂತುಹೋಗಿದ್ದ ಮರದ ದಿಮ್ಮಿಯ ಲಾರಿಯನ್ನು ಗೋವಾದಿಂದ ಡ್ರೆಜರ್ ತರಿಸಿ ಮೇಲೆತ್ತುವಾಗ ಸೆಪ್ಟೆಂಬರ್ 25 ಆಗಿತ್ತು.

ಆಮೇಲೆ ಎಂದಿನಂತೆ ಎರಡು ಪಕ್ಷ. ಇದು ಪ್ರಕೃತಿ ವಿಕೋಪ, ಅಂಥ ಮಳೆಗೆ ಯಾವ ಗುಡ್ಡವೂ ನಿಲ್ಲದು ಎಂದು ಒಂದು. ಅವೈಜ್ಞಾನಿಕ ಕಾಮಗಾರಿ ಎಂದು ಇನ್ನೊಂದು. ಸ್ಥಳಕ್ಕೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಭಾರಿ ಮಳೆಯ ಜೊತೆಗೆ ರಸ್ತೆಗಾಗಿ ಗುಡ್ಡ ಕಡಿದ ರೀತಿಯತ್ತಲೂ ಬೊಟ್ಟು ಮಾಡಿದರು. ‘ಅವೈಜ್ಞಾನಿಕ’ ಎಂಬುದನ್ನು ನಾವು ಎಷ್ಟು ಧಾರಾಳವಾಗಿ ಬಳಸುತ್ತೇವೆಂದರೆ ಅದರಿಂದ ಯಾರಿಗೂ ಏನೂ ನಾಟುವುದಿಲ್ಲ. ರಸ್ತೆ ಉಬ್ಬು ಎತ್ತರವಾದರೂ ಅವೈಜ್ಞಾನಿಕ, ಗುಡ್ಡ ಬಿದ್ದರೂ ಅವೈಜ್ಞಾನಿಕ. ಇಲ್ಲಿ ಆಗಬಾರದ್ದು ಏನಾಯಿತು, ಏಕೆ ಆಯಿತು ಎಂದು ಬಿಡಿಸಿ ನೋಡಿದರೆ ಸಿಗುವುದು ಅಜ್ಞಾನವಲ್ಲ. ಎಂಜಿನಿಯರ್‌ಗಳಿಗೆ ಇದೆಲ್ಲ ಗೊತ್ತಿತ್ತು. ರಸ್ತೆ ಕಟ್ಟುವ ಮಾನದಂಡಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಗುಡ್ಡಗಾಡು ರಸ್ತೆಗಳಿಗೆಂದೇ 1998ರಲ್ಲಿ ಕೈಪಿಡಿ ತಂದಿದೆ. ಗೊತ್ತಿದ್ದದ್ದನ್ನು ಮಾಡಲು ಜಾಗ, ದುಡ್ಡು, ಒತ್ತಾಯ ಮೂರೂ ಇರಲಿಲ್ಲ.

ಮೊದಲು ಮಣ್ಣಿನ ವಿಚಾರ. ಕರಾವಳಿಯಲ್ಲಿ ಹೊಸದಾಗಿ ಕಡಿದ ಧರೆಯ ಎದುರು ನಿಂತು ಮೇಲಿಂದ ಕೆಳಕ್ಕೆ ನೋಡುತ್ತ ಬನ್ನಿ. ತುದಿಯಲ್ಲಿ ಒಂದು ಮೊಳದಷ್ಟು ಕಪ್ಪು ಮಣ್ಣು, ಜೋತುಬಿದ್ದ ಬೇರು. ಅದರ ಕೆಳಗೆ ಉತ್ತರ ಕನ್ನಡದವರು ಚಿರೇಕಲ್ಲೆಂದೂ ದಕ್ಷಿಣದವರು ಮುರಕಲ್ಲೆಂದೂ ಕರೆಯುವ ಕೆಂಪು ಪದರ. ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿಯಾಗುವ ಇದನ್ನು ಕಡಿದೇ ನಮ್ಮ ಮನೆಗಳ ಗೋಡೆ ಎದ್ದಿರುವುದು. ಇನ್ನೂ ಕೆಳಗೆ ಬಂದರೆ ಬಣ್ಣ ತಿರುಗುತ್ತದೆ: ಹಳದಿ, ತೆಳು ಗುಲಾಬಿ, ಬಿಳಿ. ಇದು ಶೇಡಿ ಮಣ್ಣು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹಸೆ ಬರೆಯಲು, ಕಾರಣೆ ಎಳೆಯಲು ಹೆಂಗಸರು ಧರೆಯಿಂದ ಕೆರೆದು ತರುತ್ತಿದ್ದದ್ದು ಇದನ್ನೇ. ಅದಕ್ಕೂ ಕೆಳಗೆ ಗಟ್ಟಿ ಬಂಡೆ.

ತೊಂದರೆ ಇರುವುದು ಈ ಶೇಡಿಯಲ್ಲಿ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯವರು ವರ್ಷಗಟ್ಟಲೆ ಇದರ ಮೇಲೆ ಪ್ರಯೋಗ ಮಾಡಿದ್ದಾರೆ. ಒಣಗಿದ್ದಾಗ ಬಲವಾಗಿಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಹಿಟಾಚಿ ತಂದು ನೆಟ್ಟಗೆ ಕಡಿದರೂ ಅಲುಗುವುದಿಲ್ಲ. ಕಡಿದವನಿಗೆ ಬರುವ ಧೈರ್ಯ ಅಲ್ಲಿಂದಲೇ. ಆದರೆ ನೀರು ಕುಡಿದ ಶೇಡಿಯ ಗುಣವೇ ಬೇರೆ. ಅದರ ನುಣುಪು ಕಣಗಳು ಒಂದನ್ನೊಂದು ಬಿಟ್ಟು ನೀರಿನೊಂದಿಗೆ ಹೊರಡುತ್ತವೆ, ಬಲ ಕುಸಿಯುತ್ತದೆ. ಮೇಲಿನ ಚಿರೇಕಲ್ಲು ತೂತುಮಯ, ಮಳೆನೀರನ್ನು ಸಲೀಸಾಗಿ ಕೆಳಗೆ ಬಿಡುತ್ತದೆ. ತಳದ ಬಂಡೆ ಬಿಡುವುದಿಲ್ಲ. ಹಾಗಾಗಿ ನೀರು ನಡುವಿನ ಶೇಡಿಯಲ್ಲಿ ತುಂಬಿ, ಅಡ್ಡಡ್ಡಲಾಗಿ ಹರಿದು, ಕಡಿದ ಧರೆಯ ಮುಖದಲ್ಲಿ ಒರತೆಯಾಗಿ ಹೊರಬರುತ್ತದೆ. ಮೊದಲು ಸಣ್ಣಗೆ ಬಿಳಿ ನೀರು, ಆಮೇಲೆ ಕೆಸರು. ಒಳಗೆ ತುಂಬಿದ ನೀರಿನ ಒತ್ತಡ ಮಣ್ಣಿನ ಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತ ಹೋಗುತ್ತದೆ. ಗುಡ್ಡದ ಬುಡವನ್ನು ಮೊದಲೇ ರಸ್ತೆಗೆ ಕಡಿದಾಗಿರುವುದರಿಂದ ಎದುರು ಒತ್ತು ಕೊಡಲು ಏನೂ ಉಳಿದಿರುವುದಿಲ್ಲ. ಮೇಲಿನ ಗಟ್ಟಿ ಪದರ ತನ್ನ ಮರಗಳ ಸಮೇತ ಇಳಿದು ಬರುತ್ತದೆ. ಶಿರೂರಿನ ಗುಡ್ಡದ ಒಳಗೂ ಇದೇ ಕ್ರಮದಲ್ಲಿ ಪದರಗಳಿದ್ದವೆಂದು ನಾನು ಹೇಳುತ್ತಿಲ್ಲ. ಒಂದೊಂದು ಗುಡ್ಡಕ್ಕೂ ಒಂದೊಂದು ಜಾತಕ. ಅದನ್ನು ಓದಬೇಕಾದರೆ ಕಡಿಯುವ ಮೊದಲು ಅಲ್ಲಲ್ಲಿ ಕೊರೆದು, ಮಣ್ಣೆತ್ತಿ, ಪರೀಕ್ಷಿಸಬೇಕು. ಸೇತುವೆಯ ಕಂಬಕ್ಕೆ ತಳ ನೋಡುವ ನಿಷ್ಠೆಯಲ್ಲಿ ಅರ್ಧದಷ್ಟನ್ನೂ ಧರೆಗೆ ತೋರಿಸುವ ರೂಢಿ ನಮ್ಮಲ್ಲಿಲ್ಲ.

ಸರಿ, ಇಳಿಜಾರು ಬಿಟ್ಟು ಕಡಿಯಬಹುದಿತ್ತಲ್ಲ? ಇಲ್ಲೊಂದು ಸಣ್ಣ ಗಣಿತವಿದೆ, ಚರ್ಚೆಗಳಲ್ಲಿ ಅದು ಬರುವುದೇ ಇಲ್ಲ. 20 ಮೀಟರ್ ಎತ್ತರದ ಧರೆ ಎಂದಿಟ್ಟುಕೊಳ್ಳಿ. ನೆಟ್ಟಗೆ ಕಡಿದರೆ ರಸ್ತೆಯ ಅಂಚಿನಿಂದಾಚೆ ಒಂದು ಅಡಿ ಜಾಗವೂ ಬೇಕಿಲ್ಲ. 45 ಡಿಗ್ರಿಗೆ ಇಳಿಸಿದರೆ ಗುಡ್ಡದ ಕಡೆಗೆ ಇನ್ನೂ 20 ಮೀಟರ್ ಒಳಗೆ ಹೋಗಬೇಕು. ನಡುನಡುವೆ ಮೆಟ್ಟಿಲು ಬಿಟ್ಟರೆ ಇನ್ನೂ ಹೆಚ್ಚು. ಒಂದು ಕಿ.ಮೀ. ಉದ್ದಕ್ಕೆ, ಒಂದೇ ಬದಿಗೆ, ಎರಡು ಹೆಕ್ಟೇರ್; ಅಂದರೆ ಐದು ಎಕರೆ. ಹಾಗೆ ಇಳಿಜಾರು ಮಾಡುವಾಗ ತೆಗೆಯಬೇಕಾದ ಹೆಚ್ಚುವರಿ ಮಣ್ಣು ಎರಡು ಲಕ್ಷ ಘನ ಮೀಟರ್. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ಎಂದರೂ ಇಪ್ಪತ್ತು ಸಾವಿರ ಲೋಡು. ಆ ಐದು ಎಕರೆ ಮಾಲ್ಕಿ ಜಮೀನಾದರೆ ಪರಿಹಾರ ಕೊಡಬೇಕು, ಅರಣ್ಯವಾದರೆ ದೆಹಲಿಯ ತನಕ ಕಡತ ಓಡಾಡಬೇಕು. ಮಣ್ಣನ್ನು ಎಲ್ಲಾದರೂ ಸುರಿಯಬೇಕು. ಕರಾವಳಿಯಲ್ಲಿ ‘ಎಲ್ಲಾದರೂ’ ಎಂದರೆ ಬಹಳ ಸಲ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆ, ಹಳ್ಳದ ದಡ. ನೆಟ್ಟಗೆ ಕಡಿದರೆ ಈ ಯಾವ ರಗಳೆಯೂ ಇಲ್ಲ. ಗುತ್ತಿಗೆದಾರನಿಗೆ, ಭೂಸ್ವಾಧೀನ ಅಧಿಕಾರಿಗೆ, ಅರಣ್ಯ ಇಲಾಖೆಗೆ ಎಲ್ಲರಿಗೂ ಅನುಕೂಲ. ಪರಿಸರವಾದಿಗೂ ಆ ಕ್ಷಣಕ್ಕೆ ಸಮಾಧಾನ, ಮರ ಕಡಿಮೆ ಹೋಯಿತಲ್ಲ ಎಂದು.

ಈ ಇಕ್ಕಟ್ಟಿಗೆ ಒಂದು ಇತಿಹಾಸವೂ ಇದೆ. ಉತ್ತರ ಕನ್ನಡದ ಕರಾವಳಿ ಎಂದರೆ ಘಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ನೆಲ. ಅದರಲ್ಲೇ ಕೊಂಕಣ ರೈಲ್ವೆಗೆ ಜಾಗ ಹೋಯಿತು. ಸೀಬರ್ಡ್ ನೌಕಾನೆಲೆಗೆ ಕಾರವಾರ, ಅಂಕೋಲಾದ ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟು ಎದ್ದವು. ಕಾಳಿ ಕೊಳ್ಳದಲ್ಲಿ ಅಣೆಕಟ್ಟುಗಳು, ಕೈಗಾದಲ್ಲಿ ಅಣುಸ್ಥಾವರ. ಒಂದೇ ಜಿಲ್ಲೆ ಎಷ್ಟು ಸಲ ಎದ್ದು ಜಾಗ ಬಿಡಬೇಕು ಎಂಬ ಪ್ರಶ್ನೆಯಲ್ಲಿ ಹುರುಳಿತ್ತು. ಹೆದ್ದಾರಿ ಅಗಲೀಕರಣದ ಸುದ್ದಿ ಬಂದಾಗ ಅಗಲ ಕಡಿಮೆ ಮಾಡಿ, ಮನೆ ಅಂಗಡಿ ಉಳಿಸಿ ಎಂದು ಜನ ಕೇಳಿದ್ದು ನ್ಯಾಯವೇ. ಆದರೆ ಆ ಬೇಡಿಕೆಗೆ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ಪಥಗಳ ಸಂಖ್ಯೆ, ವೇಗದ ಗುರಿ ಯಾವುದನ್ನೂ ಮುಟ್ಟದೆ ಬರೀ ರಸ್ತೆಗೆ ತೆಗೆದುಕೊಳ್ಳುವ ಜಾಗದ ಪಟ್ಟಿಯನ್ನು ಕಿರಿದು ಮಾಡಿದರು. ನಾಲ್ಕು ಪಥ ಹಾಗೇ ಉಳಿಯಬೇಕು, ಜಾಗ ಕಡಿಮೆಯಾಗಬೇಕು ಎಂದರೆ ಬಲಿ ಕೊಡಲು ಉಳಿದದ್ದು ಇಳಿಜಾರೊಂದೇ.

ಹಾಗಾದರೆ ಇಪ್ಪತ್ತು ಸಾವಿರ ಲೋಡು ಮಣ್ಣು ತೆಗೆದು ಐದು ಎಕರೆ ಕಾಡು ಕಡಿಯುವುದೇ ಸುಸ್ಥಿರವೇ? ಅಲ್ಲ. ಅಷ್ಟು ಎತ್ತರದ ಧರೆ ಬೇಕಾಗುತ್ತದೆ ಎಂದು ನಕ್ಷೆಯಲ್ಲಿ ಕಂಡ ಕೂಡಲೇ ಆ ಜಾಗಕ್ಕೆ ಬೇರೆ ದಾರಿ ಯೋಚಿಸಬೇಕಿತ್ತು. ಹೋಗುವ ಪಥವನ್ನು ಒಂದು ಮಟ್ಟದಲ್ಲಿ, ಬರುವ ಪಥವನ್ನು ಇನ್ನೊಂದು ಮಟ್ಟದಲ್ಲಿ ಹಾಕಬಹುದು. ಆಗ ಒಂದೇ ದೊಡ್ಡ ಧರೆಯ ಬದಲು ಎರಡು ಚಿಕ್ಕವು ಬರುತ್ತವೆ. ನದಿಯ ಬದಿಗೆ ಕಂಬಗಳ ಮೇಲೆ ರಸ್ತೆ ಒಯ್ಯಬಹುದು. ಸುರಂಗ ಕೊರೆಯಬಹುದು, ಕಾರವಾರ ಮತ್ತು ಬಿಣಗಾ ನಡುವೆ ಇದೇ ಹೆದ್ದಾರಿಗೆ ಸುರಂಗ ಕೊರೆದಿದ್ದಾರೆ, ನೀರು ಸೋರುತ್ತದೆ ಎಂದು 2023ರಲ್ಲಿ ಅದರ ಮೇಲೂ ಗಲಾಟೆಯಾಗಿತ್ತು. ಅಥವಾ ಆ ಒಂದೆರಡು ಕಿ.ಮೀ. ಮಾತ್ರ ದ್ವಿಪಥವಾಗಿಯೇ ಬಿಟ್ಟು, ವೇಗ ತಗ್ಗಿಸಿ ಎಂದು ಫಲಕ ಹಾಕಬಹುದು. ಕೊನೆಯದು ಅತ್ಯಂತ ಅಗ್ಗದ ಉಪಾಯ. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿರಲು ಕಾರಣ, ಉದ್ದಕ್ಕೂ ಒಂದೇ ಅಗಲ ಇರಬೇಕೆಂಬ ಹಟ. ಗುಡ್ಡ ಒಂದೇ ಅಳತೆಯದ್ದಲ್ಲ, ರಸ್ತೆ ಮಾತ್ರ ಒಂದೇ ಅಳತೆಯದ್ದು.

ಕಾನೂನು ಇದನ್ನು ತಡೆಯಬೇಕಿತ್ತಲ್ಲ ಎನ್ನಬಹುದು. ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಬಂದದ್ದು 2006ರಲ್ಲಿ. 2013ರ ಆಗಸ್ಟ್‌ನಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಈಗಿರುವ ರಾಷ್ಟ್ರೀಯ ಹೆದ್ದಾರಿಯನ್ನು ಅಗಲ ಮಾಡುವಾಗ ಉದ್ದ 100 ಕಿ.ಮೀ. ಮೀರಿದ್ದು, ಜೊತೆಗೆ ಹೊಸದಾಗಿ ಬೇಕಾದ ಅಗಲ 40 ಮೀಟರ್ ಮೀರಿದರೆ ಮಾತ್ರ ಪರಿಸರ ಅನುಮೋದನೆ ಕಡ್ಡಾಯ ಎಂದಾಯಿತು. ಬೈಪಾಸ್, ಮಾರ್ಗ ಬದಲಾವಣೆಗೆ ಈ ಮಿತಿ 60 ಮೀಟರ್. 20 ಮೀಟರ್ ಅಗಲದ ಹಳೆಯ ರಸ್ತೆಯನ್ನು 45 ಮೀಟರ್‌ಗೆ ಹಿಗ್ಗಿಸುವ ಕೆಲಸ ಈ ಜರಡಿಯಲ್ಲಿ ಸಿಕ್ಕಿಬೀಳುವುದೇ ಇಲ್ಲ, ಅದು ಮಂಡ್ಯದ ಬಯಲಿನಲ್ಲಿರಲಿ, ಅಂಕೋಲಾದ ಗುಡ್ಡದ ಬುಡದಲ್ಲಿರಲಿ. ಕಿರಿದಾದಷ್ಟೂ ನಿರಪಾಯ ಎಂಬುದು ಈ ನಿಯಮದ ಊಹೆ. ಬಯಲಿನಲ್ಲಿ ಅದು ಸರಿ. ಗುಡ್ಡದಲ್ಲಿ ಪೂರಾ ತಿರುಗಾಮುರುಗಾ. 2020ರ ಮಾರ್ಚ್‌ನಲ್ಲಿ ರಸ್ತೆ, ಪೈಪ್‌ಲೈನ್‌ಗಳಂಥ ಯೋಜನೆಗಳಿಗೆ ಸಾಮಾನ್ಯ ಮಣ್ಣು ಅಗೆಯಲು ಅನುಮೋದನೆಯೇ ಬೇಡ ಎಂಬ ವಿನಾಯಿತಿಯೂ ಬಂತು. ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ಅದನ್ನು ರದ್ದು ಮಾಡಿತು. ಶಿರೂರಿನ ಗುಡ್ಡ ಬೀಳಲು ಆಗ ನಾಲ್ಕು ತಿಂಗಳಿತ್ತು.

ಕರಾವಳಿಯ ಗುಡ್ಡ ಬೀಳುತ್ತದೆ ಎಂಬುದೇನು ಹೊಸ ಸುದ್ದಿಯೇ? ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಪ್ರಕಾರ ಹಿಮಾಚ್ಛಾದಿತ ಪ್ರದೇಶ ಬಿಟ್ಟು ದೇಶದ ಶೇ 12.6ರಷ್ಟು ನೆಲ ಭೂಕುಸಿತದ ಅಪಾಯದಲ್ಲಿದೆ. ಅದರಲ್ಲಿ ಸುಮಾರು 90 ಸಾವಿರ ಚದರ ಕಿ.ಮೀ. ಪಶ್ಚಿಮ ಘಟ್ಟ ಮತ್ತು ಕೊಂಕಣದ ಗುಡ್ಡಗಳು. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಮನೆಗಳ ಮೇಲೆ ಬಿತ್ತು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟಗಳೇ ಜಾರಿದವು. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದೇ ಮನೆಯಲ್ಲಿ ನಾಲ್ವರು ಸತ್ತರು. ಪರಿಸರ ಕಾರ್ಯಕರ್ತ ಅನಂತ ಹೆಗಡೆ ಅಶೀಸರ ಅವರ ನೇತೃತ್ವದ ಸಮಿತಿ ಭೂಕುಸಿತದ ಬಗ್ಗೆಯೇ ಸರ್ಕಾರಕ್ಕೆ ವರದಿ ಕೊಟ್ಟಿತ್ತು. ವರದಿಗಳ ಮಟ್ಟಿಗೆ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ.

ಪಾಠ ಕಲಿಯಬೇಕೆಂದರೆ ದೂರವೇನೂ ಹೋಗಬೇಕಿಲ್ಲ. ಹೆದ್ದಾರಿಗೆ ಸಮಾನಾಂತರವಾಗಿಯೇ ಕೊಂಕಣ ರೈಲು ಹಳಿ ಇದೆ. 1998ರಲ್ಲಿ ಪೂರ್ತಿ ತೆರೆದುಕೊಂಡ ಆ ಮಾರ್ಗದಲ್ಲೂ ಆರಂಭದಲ್ಲಿ ಧರೆಗಳನ್ನು ಕಡಿದಾಗಿಯೇ ಬಿಟ್ಟಿದ್ದರು. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿಯ ಬಳಿ ಹಳಿಗೆ ಉರುಳಿದ್ದ ಬಂಡೆಗೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ಮರು ವರ್ಷ ಜೂನ್‌ನಲ್ಲಿ ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ರೈಲು ಕರಂಜಾಡಿಯಲ್ಲಿ ಅದೇ ರೀತಿ ಹಳಿ ತಪ್ಪಿತು. ಆ ಎರಡು ಮಳೆಗಾಲಗಳು ಕೊಂಕಣ ರೈಲ್ವೆಯನ್ನು ಬದಲಿಸಿದವು. ಧರೆಗಳ ಇಳಿಜಾರನ್ನು ತಗ್ಗಿಸಿದರು, ಬಂಡೆಗಳಿಗೆ ಉಕ್ಕಿನ ಬಲೆ ಹೊದೆಸಿದರು, ಮಣ್ಣು ಹಿಡಿದಿಡಲು ಲಾವಂಚ ನೆಟ್ಟರು. ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಬಂತು; ಮುಂಬೈಗೆ ಹೋಗಿಬರುವ ಕರಾವಳಿಯವರು ಅದನ್ನು ಶಪಿಸುತ್ತಲೇ ಒಪ್ಪಿಕೊಂಡಿದ್ದಾರೆ. ಜೋರು ಮಳೆಯಲ್ಲಿ ರೈಲು ನಿಧಾನವಾಗುತ್ತದೆ, ಗಸ್ತಿನವರು ಹಳಿಯ ಮೇಲೆ ನಡೆಯುತ್ತಾರೆ.

ಇದರಿಂದ ಕುಸಿತ ನಿಂತಿತೇ? ಇಲ್ಲ. ಶಿರೂರಿನ ದುರಂತಕ್ಕೆ ಎರಡೇ ದಿನ ಮೊದಲು, 2024ರ ಜುಲೈ 14ರಂದು, ರತ್ನಾಗಿರಿ ಜಿಲ್ಲೆಯಲ್ಲಿ ಕೊಂಕಣ ರೈಲು ಹಳಿಯ ಮೇಲೆ ಗುಡ್ಡ ಕುಸಿದಿತ್ತು. ರೈಲುಗಳನ್ನು ಅಲ್ಲಲ್ಲಿ ನಿಲ್ಲಿಸಿದರು, ಪ್ರಯಾಣಿಕರು ಗಂಟೆಗಟ್ಟಲೆ ಕಾದು ಬೈದುಕೊಂಡರು, ಸುದ್ದಿ ಮುಗಿಯಿತು. ನನ್ನ ಮಟ್ಟಿಗೆ ಸುಸ್ಥಿರ ಮೂಲಸೌಕರ್ಯ ಎಂದರೆ ಇದು: ಕುಸಿತವಾದರೂ ಸಾವಾಗದ ವ್ಯವಸ್ಥೆ. ಗುಡ್ಡ ಬೀಳಬಹುದು ಎಂದು ರೈಲ್ವೆ ಒಪ್ಪಿಕೊಂಡಿದೆ. ಅದಕ್ಕೆ ತಕ್ಕ ಹಣ, ಜನ, ನಿಯಮ ಇಟ್ಟುಕೊಂಡಿದೆ. ಹೆದ್ದಾರಿಯವರು ಇನ್ನೂ ಒಪ್ಪಿಕೊಂಡಿಲ್ಲ. ಹೆದ್ದಾರಿಯಲ್ಲಿ ಧರೆ ನೋಡಿಕೊಂಡು ನಡೆಯುವ ಗಸ್ತಿಲ್ಲ, ಮಳೆಗಾಲದ ವೇಗಮಿತಿ ಎಂದರೆ ಒಂದು ಫಲಕ, ಧರೆಯ ಬುಡದಲ್ಲಿ ಲಾರಿ ನಿಲ್ಲಿಸಬೇಡಿ ಎಂದು ಹೇಳುವವರೂ ಇಲ್ಲ. ಚಹಾ ಅಂಗಡಿ ಅಲ್ಲೇಕಿತ್ತು ಎಂದು ಆಮೇಲೆ ಕೇಳಿದವರಿದ್ದರು. ಲಾರಿಗಳು ನಿಲ್ಲುವಲ್ಲಿ ಚಹಾ ಅಂಗಡಿ ಬರುತ್ತದೆ, ಅದರಲ್ಲಿ ಬೆರಗೇನಿದೆ? ಲಾರಿ ನಿಲ್ಲಲು ಬೇರೆ ಸುರಕ್ಷಿತ ಜಾಗ ಕೊಟ್ಟಿದ್ದರೇ ಎಂದು ಮೊದಲು ಕೇಳಬೇಕಿತ್ತು.

ಈಗ ಧರೆಗಳಿಗೆ ಉಪಚಾರ ಶುರುವಾಗಿದೆ. ಉದ್ದನೆಯ ಕಬ್ಬಿಣದ ಸರಳುಗಳನ್ನು ಗುಡ್ಡದೊಳಕ್ಕೆ ಬಡಿದು, ಜಾಲರಿ ಕಟ್ಟಿ, ಮೇಲೆ ಸಿಮೆಂಟು ಚಿಮುಕಿಸಿ ಗೋಡೆ ಮಾಡುವುದು. ಸರಿಯಾಗಿ ಮಾಡಿದರೆ ಒಳ್ಳೆಯ ತಂತ್ರವೇ. ಆದರೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಇದೇ ಹೆದ್ದಾರಿ 66ರ ಬದಿಗೆ ಹೀಗೆ ರಕ್ಷಿಸಿದ್ದ ಇಳಿಜಾರು 2025ರ ಜೂನ್‌ನಲ್ಲಿ ಕುಸಿಯಿತು. ವಿನ್ಯಾಸ ಸರಿಯಿಲ್ಲ, ರಕ್ಷಣಾ ಕೆಲಸ ಸಾಲದು, ನೀರು ಹೋಗುವ ವ್ಯವಸ್ಥೆ ಕಳಪೆ ಎಂದು ಹೆದ್ದಾರಿ ಪ್ರಾಧಿಕಾರವೇ ಹೇಳಿ ಗುತ್ತಿಗೆದಾರರನ್ನು ಹೊಸ ಟೆಂಡರ್‌ಗಳಿಂದ ದೂರವಿಟ್ಟಿತು. ಮೂರನೆಯ ಕಾರಣವನ್ನು ಗಮನಿಸಿ. ಸಿಮೆಂಟಿನ ಹೊದಿಕೆ ಹೊರಗಿನ ಮಳೆಯನ್ನು ತಡೆಯುತ್ತದೆ. ಗುಡ್ಡದ ತಲೆಯಿಂದ ಒಳಗಿಳಿದ ನೀರಿಗೆ ಹೊರಬರಲು ತೂಬು ಬಿಡದಿದ್ದರೆ ಆ ಹೊದಿಕೆಯೇ ಅಣೆಕಟ್ಟಾಗುತ್ತದೆ. ಅಡಿಕೆ ತೋಟ ಮಾಡುವ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಧರೆ ಕಡಿದ ಮೇಲೆ ಅವರು ಮೊದಲು ಮಾಡುವುದು ಮೇಲ್ಗಡೆ ಅಗಳ ತೋಡಿ ನೀರನ್ನು ಬದಿಗೆ ತಿರುಗಿಸುವ ಕೆಲಸ, ಆಮೇಲೆ ಉಳಿದದ್ದು.

ಅದೇ ವರ್ಷ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಉಲ್ಟಾ ಸಂಗತಿ ನಡೆಯಿತು. ಗದ್ದೆಯ ಮೆತ್ತನೆಯ ನೆಲದ ಮೇಲೆ ಮಣ್ಣು ಪೇರಿಸಿ ಎತ್ತರಿಸಿದ್ದ ಹೆದ್ದಾರಿ ಕುಸಿದು, ಬದಿಯ ಸರ್ವಿಸ್ ರಸ್ತೆಯೂ ಬಿರುಕು ಬಿಟ್ಟಿತು. ಆಮೇಲೆ ಅಲ್ಲಿ ಗುತ್ತಿಗೆದಾರರದೇ ಖರ್ಚಿನಲ್ಲಿ ಕಂಬಗಳ ಮೇಲೆ ರಸ್ತೆ ಕಟ್ಟಬೇಕೆಂದು ಪ್ರಾಧಿಕಾರ ಹೇಳಿತು. ಕಂಬಗಳ ಮೇಲಿನ ರಸ್ತೆ ಮೊದಲೇ ಸಾಧ್ಯವಿತ್ತು ಎಂದಾಯಿತು. ಅಗ್ಗವೆಂದು ಮಣ್ಣು ಪೇರಿಸಿದರು, ಕೊನೆಗೆ ಎರಡು ಸಲ ಕಟ್ಟುವ ಖರ್ಚು ಬಂತು. ಸಿಮೆಂಟು, ಜಲ್ಲಿ, ಡೀಸೆಲ್ ಎಲ್ಲವೂ ಎರಡೆರಡು ಸಲ. ಇಂಗಾಲದ ಲೆಕ್ಕ ಹಾಕುವವರು ಹಾರುಬೂದಿಯಲ್ಲಿ ಉಳಿಸಿದ್ದನ್ನು ಇಲ್ಲಿ ಕಳೆದಿದ್ದಕ್ಕೆ ಹೋಲಿಸಿ ನೋಡಲಿ.

ಟೆಂಡರಿನಲ್ಲಿ ಅತಿ ಕಡಿಮೆ ದರ ಕೂಗಿದವರಿಗೆ ಕೆಲಸ. ವಿವರ ಯೋಜನಾ ವರದಿ, ಅಂದರೆ ಡಿಪಿಆರ್ ಬರೆಯುವವರ ಆಯ್ಕೆಯಲ್ಲೂ ದರಕ್ಕೆ ತೂಕವಿದೆ. ಕಳಪೆ ಡಿಪಿಆರ್‌ಗಳ ಬಗ್ಗೆ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಅವರೇ ಎಷ್ಟೋ ಸಲ ವೇದಿಕೆಯ ಮೇಲೆ ಕಿಡಿಕಾರಿದ್ದಾರೆ. ಅವರು ಆ ಖಾತೆ ನೋಡಿಕೊಳ್ಳಲು ಶುರುಮಾಡಿ ದಶಕ ಕಳೆದಿದೆ ಎಂಬುದು ಬೇರೆ ಮಾತು. ಗುಡ್ಡ ಕೊರೆದು ಮಣ್ಣು ಪರೀಕ್ಷಿಸುವ ಖರ್ಚು ಡಿಪಿಆರ್‌ನ ಹಂತದಲ್ಲಿ ದೊಡ್ಡದಾಗಿ ಕಾಣುತ್ತದೆ, ಕಾಮಗಾರಿಯ ಒಟ್ಟು ಮೊತ್ತದ ಎದುರು ಅದು ಚಿಲ್ಲರೆ. ಗುಡ್ಡ ಬಿದ್ದ ಮೇಲೆ ಡ್ರೆಜರ್ ತರಿಸುವುದು, ಪರಿಹಾರ ಕೊಡುವುದು, ಹೆದ್ದಾರಿ ಮುಚ್ಚಿ ಲಾರಿಗಳನ್ನು ಘಟ್ಟದ ಮೇಲಿನ ದಾರಿಗಳಲ್ಲಿ ಕಳಿಸುವುದು ಇವುಗಳ ಖರ್ಚು ಆ ಯೋಜನೆಯ ಪುಸ್ತಕದಲ್ಲಿ ಬರುವುದಿಲ್ಲ. ಅದು ಜಿಲ್ಲಾಡಳಿತದ, ರಾಜ್ಯದ, ಊರಿನವರ ಲೆಕ್ಕ.

ನೀರಿನ ವಿಷಯಕ್ಕೆ ಇನ್ನೊಮ್ಮೆ ಬರುತ್ತೇನೆ, ಏಕೆಂದರೆ ಮಳೆಯೇ ಬದಲಾಗುತ್ತಿದೆ. ಕರಾವಳಿಯಲ್ಲಿ ಮುಂಗಾರಿನ ನಾಲ್ಕು ತಿಂಗಳಿಗೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ ಹಿಂದೆಯೂ ಬರುತ್ತಿತ್ತು. ಈಗ ಅದು ಹಂಚಿ ಬೀಳುವ ಬದಲು ಕೆಲವೇ ದಿನಗಳಲ್ಲಿ ಸುರಿದುಬಿಡುವುದು ಹೆಚ್ಚಾಗಿದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿರುವುದರ ಪಾತ್ರ ಅದರಲ್ಲಿದೆ. ದಿನಕ್ಕೆ 204.4 ಮಿ.ಮೀ. ಮೀರಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಮೋರಿಗಳ ಬಾಯಿ, ಚರಂಡಿಯ ಅಳತೆ ನಿರ್ಧಾರವಾಗುವುದು ಹಿಂದಿನ ದಶಕಗಳ ಮಳೆಯ ದಾಖಲೆಯಿಂದ. ಸಣ್ಣ ಹಳ್ಳಗಳಿದ್ದ ಕಡೆ ಹಳೆಯ ರಸ್ತೆಗೆ ಮೋರಿ ಇರುತ್ತಿತ್ತು. ಹೊಸ ರಸ್ತೆ ಎತ್ತರವಾದಾಗ ಕೆಲವು ಮುಚ್ಚಿಹೋಗುತ್ತವೆ, ಎರಡು ಹಳ್ಳಗಳ ನೀರು ಒಂದೇ ಮೋರಿಗೆ ಬರುತ್ತದೆ. ಹೀಗಾದ ಊರುಗಳಲ್ಲಿ ಮೊದಲ ಮಳೆಗೇ ಅಂಗಳಕ್ಕೆ ನೀರು ನುಗ್ಗುತ್ತದೆ, ಜನ ರಸ್ತೆ ತಡೆ ಮಾಡುತ್ತಾರೆ, ತಹಶೀಲ್ದಾರರು ಬಂದು ಜೆಸಿಬಿಯಲ್ಲಿ ಒಂದು ಕಾಲುವೆ ಕೆರೆಸಿ ಹೋಗುತ್ತಾರೆ.

ಹಳೆಯದನ್ನು ಉಳಿಸಿಕೊಳ್ಳುವುದೂ ಸುಸ್ಥಿರತೆಯೇ, ಆದರೆ ಉಳಿಸಿಕೊಂಡದ್ದನ್ನು ನೋಡಿಕೊಳ್ಳಬೇಕು. ಶಿರೂರಿನ ದುರಂತವಾಗಿ ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. 1983ರಲ್ಲಿ ಕಟ್ಟಿದ್ದು. ಚತುಷ್ಪಥ ಮಾಡುವಾಗ ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿ, ಹಳೆಯದನ್ನು ಒಂದು ಬದಿಯ ಸಂಚಾರಕ್ಕೆ ಇಟ್ಟುಕೊಂಡಿದ್ದರು. ನದಿಗೆ ಬಿದ್ದ ಲಾರಿಯ ಚಾಲಕ ಬದುಕಿದ್ದು ಪುಣ್ಯ. ಈಗಿನ ರಸ್ತೆ ಕಾಂಗ್ರೆಸ್ ಸಂಹಿತೆ ಕಾಂಕ್ರೀಟ್ ಸೇತುವೆಗಳಿಗೆ 100 ವರ್ಷದ ಆಯುಷ್ಯ ಹೇಳುತ್ತದೆ. ಇದು 41 ವರ್ಷಕ್ಕೇ ಹೋಯಿತು. ಉಪ್ಪು ನೀರಿನ ಅಳಿವೆಯಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹತ್ತುವುದು ಬಯಲುಸೀಮೆಗಿಂತ ಬೇಗ. ಅಲ್ಲಿನ ಸೇತುವೆಗಳ ತಪಾಸಣೆಯೂ ಅಷ್ಟೇ ಬಿಗಿಯಾಗಿರಬೇಕು. ಹೊಸ ಸೇತುವೆಯ ಉದ್ಘಾಟನೆಗೆ ಬರುವವರು ಹಳೆಯದರ ತಪಾಸಣೆ ವರದಿ ಕೇಳಿದ್ದನ್ನು ನಾನಂತೂ ನೋಡಿಲ್ಲ.

ಇಷ್ಟೆಲ್ಲ ಹೇಳಿದರೆ, ರಸ್ತೆಯೇ ಬೇಡವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಳೆಯ ದ್ವಿಪಥದಲ್ಲಿ ಬಸ್ಸು, ಮೀನು ಲಾರಿ, ಬೈಕು ಮುಖಾಮುಖಿಯಾಗಿ ಸತ್ತವರ ಸಂಖ್ಯೆ ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ರಾತ್ರಿ ಹೊತ್ತಿನಲ್ಲಿ ಕುಮಟಾ, ಹೊನ್ನಾವರದಿಂದ ಮಂಗಳೂರು ಮಣಿಪಾಲದ ಆಸ್ಪತ್ರೆಗೆ ರೋಗಿಯನ್ನು ಒಯ್ದವರಿಗೆ ರಸ್ತೆಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ರಸ್ತೆ ಬೇಕು. ಆದರೆ ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚುವ ಚತುಷ್ಪಥ ಆ ರೋಗಿಗೆ ಏನು ಪ್ರಯೋಜನ?

ಜಿಲ್ಲೆಗೆ ಮುಂದೆ ಬರುವ ಯೋಜನೆಗಳ ಪಟ್ಟಿ ಸಣ್ಣದಲ್ಲ. ಅಂಕೋಲಾದ ಕೇಣಿಯಲ್ಲಿ ಬಂದರು ಬರುತ್ತದೆ ಎಂದಾಗಿ ಮೀನುಗಾರರು ಬೀದಿಗಿಳಿದಿದ್ದಾರೆ. ಶರಾವತಿ ಕೊಳ್ಳದಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು, ಅಂದರೆ ಕೆಳಗಿನ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಮಾಡುವುದನ್ನು, ರಾಜ್ಯ ಸರ್ಕಾರ ಹಸಿರು ಇಂಧನದ ಹೆಸರಿನಲ್ಲಿ ಮುಂದೆ ತಂದಿದೆ. ಸೌರ, ಪವನ ವಿದ್ಯುತ್ತನ್ನು ಕೂಡಿಡಲು ಇಂಥದ್ದೊಂದು ವ್ಯವಸ್ಥೆ ಬೇಕೆಂಬ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸುರಂಗ ಕೊರೆಯುವುದು ಸಿಂಗಳೀಕ ಅಭಯಾರಣ್ಯದ ಅಡಿಯಲ್ಲಿ, ಕಡಿದಾದ ಘಟ್ಟದ ಮೈಯಲ್ಲಿ. ಈವರೆಗಿನ ಚರ್ಚೆಯಲ್ಲಿ ಹೆಚ್ಚು ಕೇಳಿಬಂದದ್ದು ಎಷ್ಟು ಮರ, ಎಷ್ಟು ಸಿಂಗಳೀಕ ಎಂಬುದು. ಅವೂ ಬೇಕು. ಅವುಗಳ ಜೊತೆಗೆ ಯಂತ್ರಗಳು ಇಳಿಯುವ ರಸ್ತೆಗಳಿಗೆ ಎಷ್ಟೆತ್ತರದ ಧರೆ ಕಡಿಯುತ್ತಾರೆ, ಯಾವ ಕೋನಕ್ಕೆ, ಎಲ್ಲೆಲ್ಲಿ ಕೊರೆದು ಮಣ್ಣು ನೋಡಿದ್ದಾರೆ, ಸುರಂಗದಿಂದ ಬರುವ ಕಲ್ಲುಮಣ್ಣನ್ನು ಯಾವ ಸರ್ವೆ ನಂಬರಿನಲ್ಲಿ ಸುರಿಯುತ್ತಾರೆ ಎಂಬ ನಕ್ಷೆ ಕನ್ನಡದಲ್ಲಿ ಪಂಚಾಯಿತಿ ಕಚೇರಿಗೆ ಬರಬೇಕು. ಗೇರುಸೊಪ್ಪೆಯಿಂದ ಹೊನ್ನಾವರದವರೆಗೆ ನದಿಯಂಚಿನಲ್ಲಿರುವವರು ಕಾಮಗಾರಿ ಶುರುವಾಗುವ ಮೊದಲೇ ಅದನ್ನು ಕೇಳಿ ಪಡೆದುಕೊಳ್ಳುವುದು ಒಳ್ಳೆಯದು. ಕಾಮಗಾರಿ ಆದೇಶ ಆದಮೇಲೆ ಇಳಿಜಾರು ಬದಲಿಸುವ ಗುತ್ತಿಗೆದಾರ ಇಲ್ಲ.